ವೋಲ್ಟೇಜ್ ಏರಿಸುವ ಮುಂಚೆ ಟ್ರಿಗರ್ ನೋಡಿ

(ಹಾರ್ಡ್‌ವೇರ್ ಸೆಕ್ಯೂರಿಟಿ ಕಲಿಯುತ್ತಿರುವವರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಬೋರ್ಡ್ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಟ್ಟುಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎಲೆಕ್ಟ್ರೋಮ್ಯಾಗ್ನೆಟಿಕ್ ಫಾಲ್ಟ್ ಇಂಜೆಕ್ಷನ್ ಅಂದರೆ ಏನು ಅಂತ ಇಲ್ಲಿ ಬಹಳ ಜನಕ್ಕೆ ಗೊತ್ತಿದೆ, ಆದರೂ ಒಂದು ನಿಮಿಷ ಹೇಳಿಬಿಡುತ್ತೇನೆ. ಒಂದು ಕೆಪಾಸಿಟರ್ ಅನ್ನು ಕೆಲವು ನೂರು ವೋಲ್ಟ್‌ವರೆಗೆ ಚಾರ್ಜ್ ಮಾಡುತ್ತೇವೆ. ಅದನ್ನು ಒಂದು ಪುಟ್ಟ ಕಾಯಿಲ್ ಮೂಲಕ ನ್ಯಾನೋಸೆಕೆಂಡ್‌ಗಳ ಲೆಕ್ಕದಲ್ಲಿ ಬಿಡುತ್ತೇವೆ. ಕಾಯಿಲ್ ಚಿಪ್‌ನ ಮೇಲೆ, ಸಾಧ್ಯವಾದಷ್ಟು ಹತ್ತಿರ ಇರುತ್ತದೆ. ಕಾಂತಕ್ಷೇತ್ರ ದಿಢೀರ್ ಅಂತ ಬದಲಾದಾಗ ಚಿಪ್ ಒಳಗಿನ ತಂತಿಗಳಲ್ಲಿ ಬೇಡದ ಕರೆಂಟ್ ಹುಟ್ಟುತ್ತದೆ. ಆಗ ಒಂದು ಇನ್‌ಸ್ಟ್ರಕ್ಷನ್ ತಪ್ಪಾಗಿ ಓಡಬಹುದು, ಒಂದು ರಿಜಿಸ್ಟರ್‌ನಲ್ಲಿ ಬೇರೆ ಬೆಲೆ ಬಂದು ಕೂರಬಹುದು, ಒಂದು ಹೋಲಿಕೆ ಹಾರಿಹೋಗಬಹುದು. ಚಿಪ್‌ಗೆ ತಂತಿ ಬೆಸೆಯಬೇಕಾಗಿಲ್ಲ, ಪವರ್ ಲೈನ್ ಕತ್ತರಿಸಬೇಕಾಗಿಲ್ಲ. ಇದೇ ಇದರ ದೊಡ್ಡ ಅನುಕೂಲ.

ಈ ಕೆಲಸ ಶುರು ಮಾಡಿದವರು ಎಲ್ಲರೂ ಮೊದಲು ಕೈ ಹಾಕುವುದು ವೋಲ್ಟೇಜ್‌ಗೆ. ಫಾಲ್ಟ್ ಬರಲಿಲ್ಲವಾ, ಏರಿಸು. ಇನ್ನೂ ಬರಲಿಲ್ಲವಾ, ಇನ್ನಷ್ಟು ಏರಿಸು. ಕೊನೆಗೆ ಚಿಪ್ ಪ್ರತಿ ಸಲವೂ ರೀಸೆಟ್ ಆಗುತ್ತದೆ, ಇಲ್ಲವೇ ಸತ್ತೇ ಹೋಗುತ್ತದೆ. ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಒಂದೇ ವಿಷಯ. ಪಲ್ಸ್ ಎಷ್ಟು ಜೋರಾಗಿದೆ ಅನ್ನುವುದಕ್ಕಿಂತ ಮುಂಚೆ, ಅದು ಯಾವ ಹೊತ್ತಿಗೆ ಬೀಳುತ್ತಿದೆ, ಪ್ರತಿ ಸಲವೂ ಅದೇ ಹೊತ್ತಿಗೆ ಬೀಳುತ್ತಿದೆಯಾ ಅನ್ನುವುದು ನಿಮಗೆ ಗೊತ್ತಿರಬೇಕು. ಅದು ಗೊತ್ತಿಲ್ಲದೆ ಮಾಡುವ ಪ್ರಯೋಗ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಸ್ವಲ್ಪ ಹಿನ್ನೆಲೆ. 1997ರಲ್ಲಿ ಬೋನೆ, ಡಿಮಿಲ್ಲೋ, ಲಿಪ್ಟನ್ ಮೂವರೂ ಸೇರಿ ಒಂದು ವಿಷಯ ತೋರಿಸಿದರು: ಆರ್‌ಎಸ್‌ಎ ಅನ್ನುವ ಗೂಢಲಿಪಿ ವಿಧಾನದಲ್ಲಿ ಡಿಜಿಟಲ್ ಸಹಿ ಮಾಡುವ ಲೆಕ್ಕದ ಮಧ್ಯೆ ಒಂದು ತಪ್ಪು ನಡೆದರೆ, ಆ ತಪ್ಪು ಉತ್ತರದಿಂದಲೇ ಗುಟ್ಟಿನ ಕೀ ಹೊರಗೆ ತೆಗೆಯಬಹುದು. 2002ರಲ್ಲಿ ಕಿಸ್ಕಾಟೆರ್ ಮತ್ತು ಸಮೀದ್ ಕಾಯಿಲ್‌ನಿಂದ ಹುಟ್ಟುವ ಸುಳಿ ಕರೆಂಟ್‌ಗಳನ್ನು ಚಿಪ್‌ಗಳ ಮೇಲೆ ಬಳಸುವುದರ ಬಗ್ಗೆ ಬರೆದರು. ಅಲ್ಲಿಂದ ಇಲ್ಲಿಗೆ ಉಪಕರಣಗಳು ಬಹಳ ಬದಲಾಗಿವೆ. ಈಗ ಚಿಪ್‌ಶೌಟರ್ ಥರದ್ದು ಸಿಗುತ್ತದೆ, ಅದರಲ್ಲಿ ವೋಲ್ಟೇಜ್ 150ರಿಂದ 500ರವರೆಗೆ ಹೊಂದಿಸಬಹುದು, ಪೈಥಾನ್‌ನಿಂದಲೇ ಎಲ್ಲ ನಿಯಂತ್ರಿಸಬಹುದು. ಪಿಕೋಇಎಂಪಿ ಅಂತ ಇನ್ನೊಂದಿದೆ, ವಿನ್ಯಾಸ ಪೂರ್ತಿ ತೆರೆದಿಟ್ಟಿದ್ದಾರೆ, ರಾಸ್ಪ್‌ಬೆರಿ ಪೈ ಪಿಕೋ ಬೋರ್ಡ್ ಮೇಲೆ ನಡೆಯುತ್ತದೆ, 250 ವೋಲ್ಟ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಉಪಕರಣ ಯಾವುದೇ ಇರಲಿ, ಮುಂದೆ ಹೇಳುವುದರಲ್ಲಿ ಹೆಚ್ಚಿನದು ಎಲ್ಲದಕ್ಕೂ ಹೊಂದುತ್ತದೆ.

ಒಂದು ಎಚ್ಚರಿಕೆ, ಇದನ್ನು ಸುಮ್ನೆ ಹೇಳುತ್ತಿಲ್ಲ. ಒಳಗೆ ಇರುವುದು ನೂರಾರು ವೋಲ್ಟ್. ಆರ್ಮ್ ಆಗಿರುವಾಗ, ಅಂದರೆ ಚಾರ್ಜ್ ಆಗಿ ಹೊಡೆಯಲು ಸಿದ್ಧವಾಗಿರುವಾಗ, ಕಾಯಿಲ್ ಇರುವ ತುದಿಯನ್ನು ಮುಟ್ಟಬೇಡಿ. ಪೇಸ್‌ಮೇಕರ್ ಇರುವವರು ಹತ್ತಿರ ಬರಲೇಬಾರದು. ಹಾಗೆಯೇ, ನಿಮ್ಮದೇ ಆದ ಅಥವಾ ಪರೀಕ್ಷೆ ಮಾಡಲು ಅನುಮತಿ ಇರುವ ಸಾಧನದ ಮೇಲೆ ಮಾತ್ರ ಇದನ್ನು ಮಾಡಿ.

ಈಗ ಟ್ರಿಗರ್‌ಗೆ ಬರೋಣ, ಅಂದರೆ ಈಗ ಪಲ್ಸ್ ಬಿಡು ಅಂತ ಉಪಕರಣಕ್ಕೆ ಹೇಳುವ ಸಿಗ್ನಲ್‌ಗೆ.

ಕಲಿಯುವಾಗ ಅತಿ ಸುಲಭದ ಟ್ರಿಗರ್ ಅಂದರೆ ಟಾರ್ಗೆಟ್ ಚಿಪ್‌ನದೇ, ಅಂದರೆ ನಾವು ಹೊಡೆಯಲು ಹೊರಟ ಚಿಪ್‌ನದೇ, ಒಂದು ಜಿಪಿಐಒ ಪಿನ್ (ಪ್ರೋಗ್ರಾಂನಿಂದ ಎತ್ತಿ ಇಳಿಸಬಹುದಾದ ಪಿನ್). ನೀವೇ ಬರೆದ ಒಂದು ಪುಟ್ಟ ಪ್ರೋಗ್ರಾಂ ಹಾಕಿ. ಪಿನ್ ಮೇಲಕ್ಕೆ ಎತ್ತು. ಒಳಗೊಂದು ಲೂಪ್, ಹೊರಗೊಂದು ಲೂಪ್, ಎರಡೂ 50 ಸಲ. ಪ್ರತಿ ಸಲ ಎಣಿಕೆಗೆ ಒಂದು ಸೇರಿಸು. ಪಿನ್ ಕೆಳಗಿಳಿಸು. ಎಣಿಕೆಯನ್ನು ಸೀರಿಯಲ್‌ನಲ್ಲಿ ಕಳಿಸು. ಸರಿಯಾಗಿ ಓಡಿದರೆ 2500 ಬರುತ್ತದೆ. 2499 ಬಂದರೆ, ಅಥವಾ ಏನೋ ವಿಚಿತ್ರ ಸಂಖ್ಯೆ ಬಂದರೆ, ಫಾಲ್ಟ್ ಬಿತ್ತು ಅಂತ ಅರ್ಥ. ಏನೂ ಬರದಿದ್ದರೆ ಚಿಪ್ ರೀಸೆಟ್ ಆಗಿದೆ, ಅಥವಾ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಈ ಲೂಪ್‌ನ ಗುಣ ಏನಪ್ಪಾ ಅಂದರೆ, ಇದು ತುಂಬಾ ಹೊತ್ತು ಓಡುತ್ತದೆ, ಹಾಗಾಗಿ ಪಲ್ಸ್ ಯಾವಾಗ ಬಿದ್ದರೂ ಲೂಪ್ ಒಳಗೇ ಬೀಳುತ್ತದೆ. ಅಂದರೆ ಹೊತ್ತಿನ ಚಿಂತೆ ಇಲ್ಲದೆ, ಕಾಯಿಲ್ ಅನ್ನು ಚಿಪ್ ಮೇಲೆ ಎಲ್ಲಿ ಇಡಬೇಕು ಅನ್ನುವುದನ್ನು ಮಾತ್ರ ಹುಡುಕಬಹುದು. ಮೊದಲು ಜಾಗ, ಆಮೇಲೆ ಹೊತ್ತು. ಎರಡನ್ನೂ ಒಟ್ಟಿಗೆ ಹುಡುಕಲು ಹೋದರೆ ಕಷ್ಟ, ಅದರ ಲೆಕ್ಕ ಮುಂದೆ ಹೇಳುತ್ತೇನೆ.

ಪಿನ್‌ನಿಂದ ಉಪಕರಣದವರೆಗಿನ ದಾರಿ ಚಿಕ್ಕದು, ಆದರೆ ತೊಂದರೆಗಳೆಲ್ಲ ಅಲ್ಲೇ ಇರುತ್ತವೆ. ಮೊದಲನೆಯದು, ಏರುವ ಅಂಚಿಗೆ ಪಲ್ಸ್ ಬೇಕಾ ಇಳಿಯುವ ಅಂಚಿಗಾ ಅನ್ನುವ ಸೆಟ್ಟಿಂಗ್. ಇದನ್ನು ಉಲ್ಟಾ ಇಟ್ಟರೂ ಪಲ್ಸ್ ಬರುತ್ತದೆ, ದೀಪ ಮಿನುಗುತ್ತದೆ, ಎಲ್ಲ ಸರಿಯಿದೆ ಅನಿಸುತ್ತದೆ. ಆದರೆ ಪಲ್ಸ್ ಬಿದ್ದಿರುವುದು ಲೂಪ್ ಮುಗಿದ ಮೇಲೆ. ನೂರು ಸಲ ಹೊಡೆದರೂ 2500 ಬದಲಾಗುವುದಿಲ್ಲ, ಅಲ್ವಾ?

ಎರಡನೆಯದು ಟರ್ಮಿನೇಷನ್, ಅಂದರೆ ಕೇಬಲ್‌ನ ಕೊನೆಯಲ್ಲಿ ಸಿಗ್ನಲ್‌ಗೆ ಎದುರಾಗುವ ರೋಧ. ಟ್ರಿಗರ್ ಇನ್‌ಪುಟ್ ಅನ್ನು 50 ಓಮ್‌ಗೆ ಇಡಬೇಕಾ, ಜಾಸ್ತಿ ಇಂಪೀಡೆನ್ಸ್‌ಗೆ ಇಡಬೇಕಾ ಅಂತ ಕೆಲವು ಉಪಕರಣಗಳು ಕೇಳುತ್ತವೆ. 50 ಓಮ್ ಇಟ್ಟರೆ ಕೇಬಲ್‌ನಲ್ಲಿ ಸಿಗ್ನಲ್ ಹಿಂದಕ್ಕೆ ಪುಟಿಯುವುದಿಲ್ಲ, ಅಂಚು ಸ್ವಚ್ಛವಾಗಿ ಬರುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. 3.3 ವೋಲ್ಟ್ ಪಿನ್ 50 ಓಮ್ ಅನ್ನು ಓಡಿಸಬೇಕಾದರೆ 66 ಮಿಲಿಆಂಪಿಯರ್ ಕೊಡಬೇಕು. ಸಾಮಾನ್ಯ ಮೈಕ್ರೋಕಂಟ್ರೋಲರ್ ಪಿನ್‌ಗೆ ಅಷ್ಟು ತಾಕತ್ತು ಇರುವುದಿಲ್ಲ. ಅದರ ವೋಲ್ಟೇಜ್ ಕುಸಿದು, ಟ್ರಿಗರ್ ಗೆರೆಯ ಹತ್ತಿರಹತ್ತಿರಕ್ಕೆ ಬಂದು ನಿಲ್ಲುತ್ತದೆ. ಆಗ ಒಮ್ಮೆ ಟ್ರಿಗರ್ ಆಗುತ್ತದೆ, ಒಮ್ಮೆ ಆಗುವುದಿಲ್ಲ. ಆದಾಗಲೂ ಸ್ವಲ್ಪ ತಡವಾಗಿ ಆಗುತ್ತದೆ. ಇಂಥ ಅರೆಬರೆ ಟ್ರಿಗರ್ ಪೂರ್ತಿ ಕೈಕೊಟ್ಟ ಟ್ರಿಗರ್‌ಗಿಂತ ಕೆಟ್ಟದ್ದು, ಯಾಕೆಂದರೆ ಪೂರ್ತಿ ಕೆಟ್ಟರೆ ಕೂಡಲೇ ಗೊತ್ತಾಗುತ್ತದೆ. ಪಿನ್‌ನಿಂದ ನೇರ ತರುವುದಾದರೆ ಜಾಸ್ತಿ ಇಂಪೀಡೆನ್ಸ್ ಇಟ್ಟು ಕೇಬಲ್ ಗಿಡ್ಡ ಮಾಡಿ. ಉದ್ದ ಕೇಬಲ್ ಬೇಕೇ ಬೇಕು ಅಂದರೆ ಮಧ್ಯೆ ಜಾಸ್ತಿ ಕರೆಂಟ್ ಕೊಡಬಲ್ಲ ಒಂದು ಬಫರ್ ಚಿಪ್ ಹಾಕಿ 50 ಓಮ್‌ಗೆ ಇಡಿ.

ಇನ್ನು ಪಲ್ಸ್‌ನ ಅಗಲ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಜಾಸ್ತಿ ಜನ ತಪ್ಪು ತಿಳಿದುಕೊಂಡಿರುವುದು ಇದನ್ನೇ. ಅಗಲ 200 ನ್ಯಾನೋಸೆಕೆಂಡ್ ಇಟ್ಟರೆ ಚಿಪ್ ಮೇಲೆ 200 ನ್ಯಾನೋಸೆಕೆಂಡ್ ಪೂರ್ತಿ ಒತ್ತಡ ಬೀಳುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಚಿಪ್ ಒಳಗೆ ವೋಲ್ಟೇಜ್ ಹುಟ್ಟಿಸುವುದು ಕಾಯಿಲ್‌ನ ಕರೆಂಟ್ ಬದಲಾಗುವ ವೇಗ. ಸ್ವಿಚ್ ಆನ್ ಆದಾಗ ಕರೆಂಟ್ ಏರುತ್ತದೆ, ಆಗ ಒಂದು ಏಟು. ಆಫ್ ಆದಾಗ ಇಳಿಯುತ್ತದೆ, ಆಗ ಇನ್ನೊಂದು ಏಟು, ಮೊದಲನೆಯದಕ್ಕೆ ಉಲ್ಟಾ ದಿಕ್ಕಿನಲ್ಲಿ. ಕರೆಂಟ್ ತನ್ನ ಮಿತಿ ಮುಟ್ಟಿ ನಿಂತ ಮೇಲೆ ಮಧ್ಯದ ಹೊತ್ತಿನಲ್ಲಿ ಚಿಪ್‌ಗೆ ಹೆಚ್ಚೇನೂ ತಟ್ಟುವುದಿಲ್ಲ. ಹಾಗಾಗಿ ಅಗಲ ಬದಲಿಸಿದಾಗ ನೀವು ಎರಡನೇ ಏಟಿನ ಹೊತ್ತನ್ನು ಬದಲಿಸುತ್ತಿದ್ದೀರಿ ಅಂತಲೂ ಅರ್ಥ. ಅಗಲ ತುಂಬಾ ಕಡಿಮೆ ಇಟ್ಟರೆ ಕರೆಂಟ್ ಪೂರ್ತಿ ಏರುವ ಮುಂಚೆಯೇ ಸ್ವಿಚ್ ಆಫ್ ಆಗುತ್ತದೆ, ಎರಡನೇ ಏಟು ಸಣ್ಣದಾಗುತ್ತದೆ. 100 ಮೆಗಾಹರ್ಟ್ಸ್‌ನಲ್ಲಿ ಓಡುವ ಚಿಪ್‌ಗೆ ಒಂದು ಕ್ಲಾಕ್ ಸೈಕಲ್ ಅಂದರೆ 10 ನ್ಯಾನೋಸೆಕೆಂಡ್. ಅಗಲ 80 ಇಟ್ಟಿದ್ದೀರಿ ಅಂದುಕೊಳ್ಳಿ. ಮೊದಲ ಏಟು ಒಂದು ಇನ್‌ಸ್ಟ್ರಕ್ಷನ್‌ಗೆ, ಎರಡನೆಯದು ಎಂಟು ಸೈಕಲ್ ಆಚೆ ಇರುವ ಇನ್ನೊಂದಕ್ಕೆ. ಮೊದಲನೆಯದು ನಿಮಗೆ ಬೇಕಾದ ಫಾಲ್ಟ್ ತಂದುಕೊಟ್ಟು, ಎರಡನೆಯದು ಬಂದು ಚಿಪ್ ಅನ್ನು ಕ್ರ್ಯಾಶ್ ಮಾಡುವುದು ಸಾಧ್ಯ. ಅಂಥ ಕಡೆ ವೋಲ್ಟೇಜ್ ಇಳಿಸುವ ಮುಂಚೆ ಅಗಲ ಬದಲಿಸಿ ನೋಡಿ. ಕಾಯಿಲ್ ಸುತ್ತಿರುವ ದಿಕ್ಕು ಕೂಡ ಲೆಕ್ಕಕ್ಕೆ ಬರುತ್ತದೆ. ಎಡಕ್ಕೆ ಸುತ್ತಿದ ತುದಿ, ಬಲಕ್ಕೆ ಸುತ್ತಿದ ತುದಿ ಎರಡನ್ನೂ ಪರೀಕ್ಷಿಸಿ. ಒಂದೇ ಜಾಗದಲ್ಲಿ ಒಂದು ಫಾಲ್ಟ್ ಕೊಡುತ್ತದೆ, ಇನ್ನೊಂದು ಕೊಡದೇ ಇರಬಹುದು.

ಇದರ ಜೊತೆಗೇ ಇನ್ನೊಂದು ನೋಡಬೇಕು. ನಿಮ್ಮ ಉಪಕರಣ ಟ್ರಿಗರ್‌ನ ಅಂಚನ್ನು ಮಾತ್ರ ನೋಡಿ ಅಗಲವನ್ನು ತಾನೇ ಮಾಡಿಕೊಳ್ಳುತ್ತದೆಯಾ, ಅಥವಾ ಟ್ರಿಗರ್ ಎಷ್ಟು ಹೊತ್ತು ಮೇಲಿದೆಯೋ ಅಷ್ಟು ಹೊತ್ತು ಸ್ವಿಚ್ ಆನ್ ಇಡುತ್ತದೆಯಾ? ಎರಡೂ ಬಗೆ ಇವೆ, ಒಂದೇ ಉಪಕರಣದಲ್ಲಿ ಎರಡೂ ಮೋಡ್ ಇರುವುದೂ ಉಂಟು. ಎರಡನೇ ಬಗೆಯದಕ್ಕೆ ಟಾರ್ಗೆಟ್‌ನ ಪಿನ್ ನೇರ ಕೊಟ್ಟರೆ, ಆ 2500ರ ಲೂಪ್ ಓಡುವಷ್ಟು ಹೊತ್ತೂ ಸ್ವಿಚ್ ಆನ್ ಆಗೇ ಇರಬೇಕು ಅಂತ ನೀವು ಕೇಳಿದ ಹಾಗಾಯಿತು. ಮಧ್ಯೆ ಅಗಲ ಕಟ್ಟಿಕೊಡುವ ಇನ್ನೊಂದು ಬೋರ್ಡ್ ಬೇಕೇ ಬೇಕು.

ಆ ಮಧ್ಯದ ಬೋರ್ಡ್‌ನದೇ ಇನ್ನೊಂದು ಕೆಲಸ ತಡ ಕೊಡುವುದು. ಟ್ರಿಗರ್ ಬಂದ ಎಷ್ಟು ಹೊತ್ತಿನ ಮೇಲೆ ಪಲ್ಸ್ ಬೀಳಬೇಕು ಅನ್ನುವುದು. ಇಲ್ಲಿ ಸಾಮಾನ್ಯ ಪ್ರೋಗ್ರಾಂನಲ್ಲಿ ಕಾಯುವ ಲೂಪ್ ಬರೆದು ಮಾಡುವುದು ಬೇಡ. ಮಧ್ಯೆ ಇಂಟರಪ್ಟ್ ಬಂದರೆ, ಅಂದರೆ ಪ್ರೊಸೆಸರ್ ಬೇರೆ ಕೆಲಸಕ್ಕೆ ಹೋದರೆ, ಹೊತ್ತು ತಪ್ಪುತ್ತದೆ. ಪಿಕೋ ಬೋರ್ಡ್‌ನಲ್ಲಿ ಪಿಐಒ ಅಂತ ಪ್ರತ್ಯೇಕ ಪುಟ್ಟ ಯಂತ್ರಗಳಿವೆ, 125 ಮೆಗಾಹರ್ಟ್ಸ್‌ನಲ್ಲಿ ಒಂದೊಂದು ಹೆಜ್ಜೆಗೂ ಸರಿಯಾಗಿ 8 ನ್ಯಾನೋಸೆಕೆಂಡ್. ಪಿಕೋಇಎಂಪಿಯಲ್ಲಿ ವೇಗದ ಟ್ರಿಗರ್ ನಡೆಯುವುದು ಅದರ ಮೇಲೆಯೇ. ಎಷ್ಟು ಸೈಕಲ್ ತಡ, ಎಷ್ಟು ಸೈಕಲ್ ಅಗಲ ಅಂತ ಎರಡು ಸಂಖ್ಯೆ ಕೊಟ್ಟರೆ ಆಯಿತು. ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಹೊಂದಿಸಿಕೊಳ್ಳಬಹುದಾದ ಚಿಪ್) ಇದ್ದರೆ ಇನ್ನೂ ಒಳ್ಳೆಯದು.

ಆದರೆ ಇಷ್ಟೆಲ್ಲ ಮಾಡಿದರೂ ಒಂದು ಜಿಟ್ಟರ್, ಅಂದರೆ ಹೊತ್ತಿನ ಅಲುಗಾಟ, ಉಳಿಯುತ್ತದೆ. ಟಾರ್ಗೆಟ್ ಒಂದು ಕ್ಲಾಕ್‌ನಲ್ಲಿ ಓಡುತ್ತಿದೆ, ನಿಮ್ಮ ಬೋರ್ಡ್ ಇನ್ನೊಂದರಲ್ಲಿ. ಟ್ರಿಗರ್ ಅಂಚು ನಿಮ್ಮ ಬೋರ್ಡ್‌ನ ಎರಡು ಟಿಕ್‌ಗಳ ನಡುವೆ ಎಲ್ಲಿ ಬೇಕಾದರೂ ಬರಬಹುದು, ಹಾಗಾಗಿ 8 ನ್ಯಾನೋಸೆಕೆಂಡ್‌ವರೆಗೆ ಆಚೀಚೆ ಆಗೇ ಆಗುತ್ತದೆ. 100 ಮೆಗಾಹರ್ಟ್ಸ್ ಟಾರ್ಗೆಟ್‌ಗೆ ಅದು ಹೆಚ್ಚುಕಮ್ಮಿ ಒಂದು ಪೂರ್ತಿ ಸೈಕಲ್. ಇದನ್ನು ಹೋಗಲಾಡಿಸುವ ದಾರಿ ಎರಡೂ ಒಂದೇ ಕ್ಲಾಕ್‌ನಲ್ಲಿ ಓಡುವುದು, ಅಂದರೆ ಟಾರ್ಗೆಟ್‌ಗೆ ಕ್ಲಾಕ್ ನೀವೇ ಕೊಡುವುದು. ಇಂಥ ಪ್ರಯೋಗಗಳಿಗೆಂದೇ ಇರುವ ಚಿಪ್‌ವಿಸ್ಪರರ್ ಬೋರ್ಡ್‌ಗಳು ಮಾಡುವುದು ಇದನ್ನೇ. ಅಲ್ಲಿ ತಡವನ್ನು ನ್ಯಾನೋಸೆಕೆಂಡ್‌ನಲ್ಲಿ ಅಲ್ಲ, ಟಾರ್ಗೆಟ್‌ನ ಸೈಕಲ್‌ನಲ್ಲೇ ಎಣಿಸುತ್ತೀರಿ. ಟಾರ್ಗೆಟ್ ತನ್ನ ಒಳಗೇ ಕ್ಲಾಕ್ ಹುಟ್ಟಿಸುವ ಆರ್‌ಸಿ ಆಸಿಲೇಟರ್‌ನಲ್ಲಿ ಓಡುತ್ತಿದ್ದರೆ ಇನ್ನೊಂದು ತಲೆನೋವು. ಅದು ಬಿಸಿಯಾದಂತೆ ವೇಗ ಬದಲಾಗುತ್ತದೆ. ಬೆಳಿಗ್ಗೆ ಸಿಕ್ಕಿದ ತಡ ಮಧ್ಯಾಹ್ನಕ್ಕೆ ಸರಿ ಬರುವುದಿಲ್ಲ. ಟ್ರಿಗರ್‌ಗೂ ನಿಮ್ಮ ಗುರಿಗೂ ನಡುವಿನ ಅಂತರ ಜಾಸ್ತಿ ಇದ್ದಷ್ಟೂ ಈ ವ್ಯತ್ಯಾಸ ಬೆಳೆಯುತ್ತದೆ. ಹಾಗಾಗಿ ಗುರಿಗೆ ಆದಷ್ಟು ಹತ್ತಿರದ ಟ್ರಿಗರ್ ಹುಡುಕಿ.

ಚಾರ್ಜಿಂಗ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಟ್ರಿಗರ್ ಬರುವ ಮುಂಚೆಯೇ ಆರ್ಮ್ ಮಾಡಿ, ಕೆಪಾಸಿಟರ್ ತುಂಬುವವರೆಗೆ ಕಾದು, ಆಮೇಲೆ ಟಾರ್ಗೆಟ್ ಓಡಿಸಿ. ಸಾಲಾಗಿ ಹಲವು ಪಲ್ಸ್ ಬಿಡುವುದಾದರೆ ನಡುವೆ ಬಿಡುವು ಬೇಕು. ಬಿಡುವು ಸಾಲದಿದ್ದರೆ ಎರಡನೇ ಪಲ್ಸ್ ಕಡಿಮೆ ವೋಲ್ಟೇಜ್‌ನಲ್ಲಿ ಹೋಗುತ್ತದೆ. ಶಕ್ತಿ ವೋಲ್ಟೇಜ್‌ನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ ಅನ್ನುವುದು ನೆನಪಿರಲಿ. ವೋಲ್ಟೇಜ್ ಅರ್ಧ ಆದರೆ ಶಕ್ತಿ ಕಾಲು ಭಾಗ. ನಿಮ್ಮ ದಾಖಲೆಯಲ್ಲಿ 400 ಅಂತ ಇರುತ್ತದೆ, ನಿಜವಾಗಿ ಬಿದ್ದಿರುವುದು ಬೇರೆ.

ಇನ್ನೊಂದು ಕಾಟ, ಪಲ್ಸ್ ತಾನೇ ಟ್ರಿಗರ್ ತಂತಿಗೆ ತಟ್ಟುವುದು. ಕಾಯಿಲ್ ಪಕ್ಕದಲ್ಲೇ ಉದ್ದದ ಜಂಪರ್ ತಂತಿ ಹಾದು ಹೋಗಿದ್ದರೆ ಅದೂ ಒಂದು ಆಂಟೆನಾ. ಪಲ್ಸ್ ಬಿತ್ತು, ತಂತಿಯಲ್ಲಿ ಅದರ ಪ್ರತಿಬಿಂಬ ಬಂತು, ಉಪಕರಣ ಅದನ್ನು ಹೊಸ ಟ್ರಿಗರ್ ಅಂದುಕೊಂಡಿತು. ಇದನ್ನು ತಡೆಯಲು ಒಂದು ಪಲ್ಸ್ ಆದ ಮೇಲೆ ಸ್ವಲ್ಪ ಹೊತ್ತು ಟ್ರಿಗರ್ ಕಡೆ ನೋಡದ ಹಾಗೆ ಬೋರ್ಡ್‌ನಲ್ಲಿ ಬರೆಯಿರಿ. ಜಂಪರ್ ಬದಲು ಕೋಆಕ್ಸ್ (ಸುತ್ತ ಲೋಹದ ಕವಚ ಇರುವ ಕೇಬಲ್) ಬಳಸಿ, ಗ್ರೌಂಡ್ ಅನ್ನು ಹತ್ತಿರದಲ್ಲೇ ಕೊಡಿ.

ಈಗ ಮುಖ್ಯ ಭಾಗ. ಇವೆಲ್ಲ ಸರಿಯಿದೆ ಅಂತ ಗೊತ್ತಾಗುವುದು ಹೇಗೆ? ಸ್ಕೋಪ್‌ನಲ್ಲಿ, ಅಂದರೆ ಸಿಗ್ನಲ್ ಅನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್‌ನಲ್ಲಿ, ಕಣ್ಣಾರೆ ನೋಡಬೇಕು. ಚಿಪ್ ತೆಗೆದಿಡಿ. ಒಂದು ಗಟ್ಟಿ ತಂತಿಯನ್ನು ಉಂಗುರದಷ್ಟು ಸುತ್ತಿ ಕೋಆಕ್ಸ್ ತುದಿಗೆ ಬೆಸೆಯಿರಿ. ಆ ಉಂಗುರವನ್ನು ಕಾಯಿಲ್‌ನಿಂದ ಸ್ವಲ್ಪ ದೂರ ಇಡಿ, ತೀರಾ ಅಂಟಿಸಿದರೆ ಸ್ಕೋಪ್‌ನ ಇನ್‌ಪುಟ್‌ಗೇ ಅಪಾಯ. ಒಂದನೇ ಚಾನಲ್‌ಗೆ ಟ್ರಿಗರ್ ಸಿಗ್ನಲ್, ಎರಡನೆಯದಕ್ಕೆ ಈ ಉಂಗುರ. ಕಡಿಮೆ ವೋಲ್ಟೇಜ್‌ನಿಂದ ಶುರು ಮಾಡಿ. ಸ್ಕೋಪ್ ಒಂದನೇ ಚಾನಲ್‌ನ ಅಂಚು ಬಂದಾಗ ಗೆರೆ ಎಳೆಯಲಿ, ಪರ್ಸಿಸ್ಟೆನ್ಸ್ ಹಾಕಿ, ಹಳೆಯ ಗೆರೆಗಳು ಅಳಿಸದೆ ಉಳಿಯುವ ಹಾಗೆ. ಈಗ ನೂರಾರು ಸಲ ಟ್ರಿಗರ್ ಕೊಡಿ.

ಎರಡನೇ ಚಾನಲ್‌ನಲ್ಲಿ ಮೇಲಕ್ಕೊಂದು ಚೂಪು, ಆಮೇಲೆ ಕೆಳಕ್ಕೊಂದು ಚೂಪು ಕಾಣುತ್ತದೆ. ನಾನು ಹೇಳಿದ ಎರಡು ಏಟು ಅದೇ. ಟ್ರಿಗರ್ ಅಂಚಿನಿಂದ ಮೊದಲ ಚೂಪಿನವರೆಗಿನ ಅಂತರ ನಿಮ್ಮ ಇಡೀ ಸರಪಳಿಯ ತಡ. ಅದು ಎಷ್ಟಿದ್ದರೂ ಪರವಾಗಿಲ್ಲ, ಲೆಕ್ಕದಲ್ಲಿ ಕಳೆಯಬಹುದು. ನೋಡಬೇಕಾದದ್ದು ಆ ಚೂಪಿನ ಗೆರೆ ತೆಳ್ಳಗಿದೆಯಾ ದಪ್ಪಗಿದೆಯಾ ಅನ್ನುವುದು. ದಪ್ಪ ಎಷ್ಟೋ ಜಿಟ್ಟರ್ ಅಷ್ಟು. ಒಂದೇ ದಪ್ಪ ಪಟ್ಟಿ ಕಂಡರೆ ಕ್ಲಾಕ್‌ಗಳು ಬೇರೆಬೇರೆ ಅಂತ. ಎರಡು ಪ್ರತ್ಯೇಕ ಗೆರೆ ಕಂಡರೆ ಎಲ್ಲೋ ಒಂದು ಇಂಟರಪ್ಟ್ ಅಥವಾ ಎರಡು ಬೇರೆ ದಾರಿ ಇದೆ ಅಂತ. ದೂರದಲ್ಲಿ ಅಪರೂಪಕ್ಕೊಂದು ಒಂಟಿ ಗೆರೆ ಕಂಡರೆ ಅದು ಹುಸಿ ಟ್ರಿಗರ್. ಈ ಒಂದು ಚಿತ್ರದಲ್ಲಿ ಇಷ್ಟು ವಿಷಯ ಇದೆ, ಆದರೂ ಇದನ್ನು ನೋಡದೆ ನೇರ ಚಿಪ್ ಮೇಲೆ ಹೊಡೆಯಲು ಹೋಗುವವರೇ ಜಾಸ್ತಿ. ನನಗೆ ನಿಜವಾಗಿ ಬೇಜಾರಾಗುವುದು ಅದಕ್ಕೇ.

ಲೆಕ್ಕ ಹೇಳುತ್ತೇನೆ ಅಂದಿದ್ದೆ. ಚಿಪ್ ಮೇಲೆ 20ಕ್ಕೆ 20 ಅಂದರೆ 400 ಜಾಗ. ತಡಕ್ಕೆ 500 ಬೆಲೆ. ವೋಲ್ಟೇಜ್‌ಗೆ 20. ಗುಣಿಸಿದರೆ 40 ಲಕ್ಷ ಪ್ರಯತ್ನ. ಸೆಕೆಂಡಿಗೆ 5 ಮಾಡಿದರೂ 8 ಲಕ್ಷ ಸೆಕೆಂಡ್, ಅಂದರೆ ಹಗಲು ರಾತ್ರಿ ಓಡಿಸಿದರೂ 9 ದಿನಕ್ಕಿಂತ ಜಾಸ್ತಿ. ಇದು ಪ್ರತಿಯೊಂದನ್ನೂ ಒಂದೇ ಸಲ ಮಾಡಿದರೆ. ಈಗ ಜಿಟ್ಟರ್ ಹತ್ತು ಸೈಕಲ್‌ನಷ್ಟಿದೆ ಅಂದುಕೊಳ್ಳಿ. ಸರಿಯಾದ ತಡ ಇಟ್ಟಾಗಲೂ ಹತ್ತರಲ್ಲಿ ಒಂದು ಸಲ ಮಾತ್ರ ಪಲ್ಸ್ ಸರಿಯಾದ ಸೈಕಲ್‌ಗೆ ಬೀಳುತ್ತದೆ. ಪ್ರತಿ ಜಾಗದಲ್ಲೂ ಹತ್ತು ಸಲವಾದರೂ ಹೊಡೆಯಬೇಕು. 9 ದಿನ ಇದ್ದದ್ದು ಮೂರು ತಿಂಗಳಾಯಿತು. ಅದೇ ಜಾಗವನ್ನು 2500ರ ಲೂಪ್‌ನಲ್ಲಿ ಮೊದಲೇ ಹುಡುಕಿಟ್ಟುಕೊಂಡು, ಟ್ರಿಗರ್ ಬಿಗಿ ಮಾಡಿಕೊಂಡರೆ, ಒಂದು ಜಾಗ, 500 ತಡ, 20 ವೋಲ್ಟೇಜ್. 10 ಸಾವಿರ ಪ್ರಯತ್ನ. ಒಂದು ಗಂಟೆಯೊಳಗೆ ಮುಗಿಯುತ್ತದೆ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: "ಸರ್, ನಮ್ಮ ಪ್ರೋಗ್ರಾಂ ಆದರೆ ಪಿನ್ ಎತ್ತಬಹುದು. ಬೇರೆಯವರ ಸಾಧನ ಪರೀಕ್ಷೆ ಮಾಡುವಾಗ ಟ್ರಿಗರ್ ಎಲ್ಲಿಂದ ತರೋದು?"

ಸಾಧನ ಹೊರಗೆ ತೋರಿಸುವ ಏನನ್ನಾದರೂ ಹಿಡಿಯಬೇಕು. ರೀಸೆಟ್ ಲೈನ್ ಬಿಟ್ಟ ಕ್ಷಣ, ಸೀರಿಯಲ್‌ನಲ್ಲಿ ಹೋದ ಒಂದು ಬೈಟ್, ಫ್ಲ್ಯಾಶ್ ಚಿಪ್‌ನಿಂದ ಓದಿದ ಒಂದು ವಿಳಾಸ, ಪವರ್ ತರಂಗದಲ್ಲಿ ಕಾಣುವ ಒಂದು ನಮೂನೆ. ಒಳ್ಳೆಯ ಉದಾಹರಣೆ 2019ರಲ್ಲಿ ಕಾಲಿನ್ ಓಫ್ಲಿನ್ ಟ್ರೆಜರ್ ಎಂಬ ಕ್ರಿಪ್ಟೋ ವಾಲೆಟ್ ಮೇಲೆ ಮಾಡಿದ ಕೆಲಸ. ಯುಎಸ್‌ಬಿಯಲ್ಲಿ ಕಂಪ್ಯೂಟರ್ ಇಷ್ಟು ಬೈಟ್ ಕೊಡು ಅಂತ ಕೇಳುತ್ತದೆ, ಸಾಧನ ತನ್ನ ಹತ್ತಿರ ಇರುವುದು ಎಷ್ಟು ಅಂತ ನೋಡಿ ಎರಡರಲ್ಲಿ ಕಡಿಮೆಯದನ್ನು ಕಳಿಸುತ್ತದೆ. ಆ ಹೋಲಿಕೆಯ ಕ್ಷಣಕ್ಕೆ ಪಲ್ಸ್ ಬಿದ್ದರೆ ಹೋಲಿಕೆ ಹಾರಿ, ಕೇಳಿದಷ್ಟೂ ಮೆಮೊರಿ ಹೊರಗೆ ಬರುತ್ತದೆ, ಅದರಲ್ಲಿ ವಾಲೆಟ್‌ನ ಗುಟ್ಟಿನ ಸೀಡ್, ಅಂದರೆ ಅದರ ಕೀಗಳೆಲ್ಲ ಹುಟ್ಟುವ ಮೂಲ, ಕೂಡ. ಯುಎಸ್‌ಬಿ ಕೋರಿಕೆಯನ್ನು ನೀವೇ ಕಳಿಸುತ್ತೀರಿ, ಅದು ತಂತಿಯ ಮೇಲೆ ಕಾಣುತ್ತದೆ, ಹೋಲಿಕೆ ಅದರ ಬೆನ್ನಿಗೇ ನಡೆಯುತ್ತದೆ. ಗುರಿಗೆ ಹತ್ತಿರದ ಟ್ರಿಗರ್ ಅಂದೆನಲ್ಲ, ಅದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನೊಬ್ಬರು: "ಒಂದೇ ಟ್ರಿಗರ್‌ಗೆ ಎರಡು ಪಲ್ಸ್ ಬಿಡಬಹುದಾ? ಫರ್ಮ್‌ವೇರ್‌ನಲ್ಲಿ ಎರಡು ಸಲ ಪರೀಕ್ಷೆ ಮಾಡಿರುತ್ತಾರಲ್ಲ."

ಬಿಡಬಹುದು, ನಮೂನೆ ಕೊಟ್ಟು ಪಲ್ಸ್ ಬಿಡುವ ಸೌಕರ್ಯ ಚಿಪ್‌ಶೌಟರ್‌ನಲ್ಲಿದೆ. ಆದರೆ ಮೊದಲ ಪಲ್ಸ್‌ನ ತಡವನ್ನು ಗಟ್ಟಿ ಮಾಡಿಕೊಂಡ ಮೇಲೆಯೇ ಎರಡನೆಯದಕ್ಕೆ ಹೋಗಿ. ಮೊದಲನೆಯದು ನೂರಕ್ಕೆ ಹತ್ತು ಸಲ ಗೆದ್ದು, ಎರಡನೆಯದೂ ಹತ್ತು ಸಲ ಗೆದ್ದರೆ, ಎರಡೂ ಒಟ್ಟಿಗೆ ಗೆಲ್ಲುವುದು ನೂರಕ್ಕೆ ಒಂದೇ ಸಲ. ಎರಡು ಸಲ ಪರೀಕ್ಷೆ ಮಾಡುವುದು ಅದಕ್ಕೇ ಒಳ್ಳೆಯ ರಕ್ಷಣೆ.

ಕೊನೆಯ ಪ್ರಶ್ನೆ ಫರ್ಮ್‌ವೇರ್ ಬರೆಯುವ ಒಬ್ಬರದ್ದು: "ಇದನ್ನೆಲ್ಲ ಕೇಳಿದ ಮೇಲೆ ನಾನು ನನ್ನ ಕೋಡ್‌ನಲ್ಲಿ ಏನು ಬದಲಿಸಲಿ, ಮೇಡಂ?" ಅಂತ ನನ್ನ ಪಕ್ಕದಲ್ಲಿದ್ದ ಸಹೋದ್ಯೋಗಿಯನ್ನು ಕೇಳಿದರು. ಅವರು ಹೇಳಿದ್ದನ್ನೇ ಬರೆಯುತ್ತೇನೆ. ಒಳ್ಳೆಯ ಟ್ರಿಗರ್ ಅನ್ನು ಕೈಯಾರೆ ಕೊಡಬೇಡಿ. ಬೂಟ್‌ಲೋಡರ್‌ನಲ್ಲಿ (ಚಿಪ್ ಶುರುವಾದಾಗ ಮೊದಲು ಓಡುವ ಪ್ರೋಗ್ರಾಂ) ಸಹಿ ಪರೀಕ್ಷೆಗೆ ಸ್ವಲ್ಪ ಮುಂಚೆ ಸೀರಿಯಲ್‌ನಲ್ಲಿ "ಪರೀಕ್ಷಿಸುತ್ತಿದೆ" ಅಂತ ಬರೆಯುವ ಸಾಲು ಇದ್ದರೆ ತೆಗೆಯಿರಿ, ಎಲ್‌ಇಡಿ ಮಿನುಗಿಸುವುದಿದ್ದರೆ ಬೇರೆ ಕಡೆ ಇಡಿ. ಯಾದೃಚ್ಛಿಕ ತಡ ಸೇರಿಸುವುದಾದರೆ ಹೊರಗೆ ಕಾಣುವ ಕೊನೆಯ ಘಟನೆಯ ನಂತರ, ಹೋಲಿಕೆಯ ಮುಂಚೆ ಸೇರಿಸಿ. ಆ ಘಟನೆಯ ಮುಂಚೆ ಸೇರಿಸಿದರೆ ಟ್ರಿಗರ್ ಕೂಡ ತಡದ ಜೊತೆಗೇ ಸರಿಯುತ್ತದೆ, ಏನೂ ಉಪಯೋಗ ಇಲ್ಲ. ಆ ತಡದ ಸಂಖ್ಯೆ ಚಿಪ್‌ನ ಹಾರ್ಡ್‌ವೇರ್ ರ‍್ಯಾಂಡಮ್ ಜನರೇಟರ್‌ನಿಂದ ಬರಲಿ. ಪ್ರತಿ ಬೂಟ್‌ನಲ್ಲೂ ಒಂದೇ ಬೀಜದಿಂದ ಶುರುವಾಗುವ ಲೈಬ್ರರಿ ಫಂಕ್ಷನ್ ಬಳಸಿದರೆ ಪ್ರತಿ ರೀಸೆಟ್ ಆದ ಮೇಲೂ ಅದೇ ತಡ ಬರುತ್ತದೆ. ದಾಳಿ ಮಾಡುವವರಿಗೆ ಬೇಕಾಗಿರುವುದೂ ಅದೇ.